ಅಂವ ಇವರಿಗೆ ಏನಾಗ್ಬೇಕು? ‘ಮಾಡರ್ನ್ ಫ್ಯಾಮಿಲಿ’ಯ ಮೂರನೆಯ ಸುತ್ತಿನಲ್ಲಿ ಬರೆದ ವಿಮರ್ಶೆ

2020ರ ಮಾರ್ಚ್ ತಿಂಗಳಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ವರದಿಯಾಗಿ, ಉಳಿದ ಊರುಗಳಿಗಿಂತ ಮೊದಲೇ ನಮ್ಮ ಬೀದಿಗಳು ಬಿಕೋ ಎನ್ನತೊಡಗಿದಾಗ, ಮನೆಯಲ್ಲಿ ನಾನು, ನನ್ನ ಹೆಂಡತಿ, ಪುಣೆಯಿಂದ ನಾಲ್ಕು ದಿನಕ್ಕೆಂದು ಬಂದು ಸಿಕ್ಕಿಬಿದ್ದ ಮಗಳು ಮತ್ತು ಎಪ್ಪತ್ತು ದಾಟಿದ ಅವ್ವ ಇದ್ದೆವು. ಅವ್ವ ನೋಡುತ್ತಿದ್ದ ಕನ್ನಡ ಧಾರಾವಾಹಿಗಳ ಚಿತ್ರೀಕರಣ ನಿಂತು ಹಳೆಯ ಸಂಚಿಕೆಗಳೇ ತಿರುತಿರುಗಿ ಬರತೊಡಗಿದ್ದವು. ಬೇಸತ್ತ ಮಗಳು ಒಂದು ಸಂಜೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ‘ಮಾಡರ್ನ್ ಫ್ಯಾಮಿಲಿ’ ಹಚ್ಚಿದಳು. ಅಂದಿನಿಂದ ಇಂದಿನವರೆಗೆ ನಾವು ಅದನ್ನು ಎರಡು ಸಲ ನೋಡಿದ್ದೇವೆ, ಈಗ ಮೂರನೆಯ ಸುತ್ತು ನಡೆದಿದೆ. ಇಷ್ಟು ದಿನ ಒಂದೇ ಧಾರಾವಾಹಿಯ ಜೊತೆ ಬಾಳಿದವನು ಅದರ ಗುಣದೋಷಗಳನ್ನು ಬರೆಯುವುದು ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2009ರ ಸೆಪ್ಟೆಂಬರ್ 23ರಂದು ಆರಂಭವಾದ ಈ ಹಾಸ್ಯ ಧಾರಾವಾಹಿ 11 ಸೀಸನ್, 250 ಸಂಚಿಕೆ ಮುಗಿಸಿ 2020ರ ಏಪ್ರಿಲ್ 8ರಂದು ನಿಂತಿತು. ಎಂದರೆ, ಅಲ್ಲಿ ಅದು ಮುಗಿಯುವ ಹೊತ್ತಿಗೆ ಇಲ್ಲಿ ನಮ್ಮದು ಶುರುವಾಗಿತ್ತು. ಕ್ರಿಸ್ಟೋಫರ್ ಲಾಯ್ಡ್ ಮತ್ತು ಸ್ಟೀವನ್ ಲೆವಿಟಾನ್ ಇದರ ನಿರ್ಮಾತೃಗಳು. 2010ರಿಂದ 2014ರವರೆಗೆ ಸತತ ಐದು ವರ್ಷ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಇದಕ್ಕೇ ಸಂದಿತು. ಈ ವಿವರಗಳು ಅವ್ವನಿಗೆ ಬೇಕಿರಲಿಲ್ಲ. ಆಕೆಗೆ ಬೇಕಿದ್ದುದು ಒಂದೇ: ಅಂವ ಇವರಿಗೆ ಏನಾಗ್ಬೇಕು?

ಆ ಪ್ರಶ್ನೆಯೇ ಈ ಧಾರಾವಾಹಿಯ ಬೀಗದ ಕೈ ಎಂದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಮೊದಲ ಸಂಚಿಕೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಮೂರು ಮನೆಗಳನ್ನು ತೋರಿಸುತ್ತಾರೆ. ಒಂದರಲ್ಲಿ ವಯಸ್ಸಾದ ಜೇ, ಅವನಿಗಿಂತ ಬಹಳ ಕಿರಿಯಳಾದ ಕೊಲಂಬಿಯಾ ಮೂಲದ ಹೆಂಡತಿ ಗ್ಲೋರಿಯಾ ಮತ್ತು ಅವಳ ಮೊದಲ ಮದುವೆಯ ಮಗ ಮ್ಯಾನಿ ಇದ್ದಾರೆ. ಇನ್ನೊಂದರಲ್ಲಿ ಫಿಲ್, ಕ್ಲೇರ್ ಮತ್ತು ಅವರ ಮೂವರು ಮಕ್ಕಳು. ಮೂರನೆಯದರಲ್ಲಿ ವಿಯೆಟ್ನಾಮಿನಿಂದ ಹೆಣ್ಣು ಕೂಸೊಂದನ್ನು ದತ್ತು ತಂದಿರುವ ಮಿಚೆಲ್ ಮತ್ತು ಕ್ಯಾಮ್ ಎಂಬ ಇಬ್ಬರು ಗಂಡಸರು. ಸಂಚಿಕೆಯ ಕೊನೆಗೆ ಎಲ್ಲರೂ ಮಿಚೆಲ್ ಮತ್ತು ಕ್ಯಾಮ್ ಅವರ ಮನೆಯಲ್ಲಿ ಸೇರಿದಾಗಲೇ ಕ್ಲೇರ್ ಮತ್ತು ಮಿಚೆಲ್ ಜೇಯ ಮಕ್ಕಳೆಂದು, ಮೂರೂ ಒಂದೇ ಮನೆತನವೆಂದು ತಿಳಿಯುತ್ತದೆ. ಆವರೆಗೆ ಅರ್ಧ ಮನಸ್ಸಿನಿಂದ ಸೊಪ್ಪು ಸೋಸುತ್ತಿದ್ದ ಅವ್ವ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸಂಬಂಧ ಹಚ್ಚಲು ಕುಳಿತಳು. ಕನ್ನಡದಲ್ಲಿ ನೆಂಟಸ್ತಿಕೆಯ ಪ್ರತಿಯೊಂದು ಎಳೆಗೂ ಒಂದು ಹೆಸರಿದೆ. ಎಲ್ಲವನ್ನೂ ಅಂಕಲ್, ಕಸಿನ್ ಎಂಬ ಎರಡು ಚೀಲಗಳಲ್ಲಿ ತುಂಬಿಬಿಡುವ ಇಂಗ್ಲಿಷಿನವರಿಗಿಂತ ಈ ಧಾರಾವಾಹಿ ನಮಗೇ ಹೆಚ್ಚು ರುಚಿಸುತ್ತದೆಂದು ನಾನು ನಂಬಿದ್ದೇನೆ.

ಮ್ಯಾನಿಯನ್ನೇ ತೆಗೆದುಕೊಳ್ಳಿ. ಕ್ಲೇರಳ ಮಗ ಲ್ಯೂಕ್‌ಗೂ ಮ್ಯಾನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಆದರೆ ವರಸೆಯಲ್ಲಿ ಮ್ಯಾನಿ ಅವನಿಗೆ ಸೋದರಮಾವ. ಇಂಗ್ಲಿಷ್ ನೋಡುಗರಿಗೆ ಇದು ವಿಚಿತ್ರ. ತಾಯಿ ಮತ್ತು ಮಗಳು ಒಂದೇ ವರ್ಷ ಬಾಣಂತನ ಮಾಡಿಕೊಂಡ ಮನೆಗಳನ್ನು ಕಂಡ ಅವ್ವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಲ್ಯೂಕನ ಅಕ್ಕ ಹೇಲಿಯ ಮೇಲೆ ಮ್ಯಾನಿಗೆ ಎಳೆಯ ಮೋಹವೊಂದು ಇರುತ್ತದೆ, ಅದನ್ನು ಮುಜುಗರದ ತಮಾಷೆಯೆಂದು ಬರೆದಿದ್ದಾರೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯಲ್ಲಿ ಬೆಳೆದ ಅವ್ವ ಮಾತ್ರ ಬಹಳ ಗಂಭೀರವಾಗಿ, “ವರಸಿ ಕೂಡ್ತದಲಾ, ಹುಡುಗ ಸಣ್ಣಾಂವ ಆಗ್ತಾನ ಅಷ್ಟs” ಎಂದು ತೀರ್ಪು ಕೊಟ್ಟಳು. ಮಗಳು ನೆಲದ ಮೇಲೆ ಬಿದ್ದು ನಕ್ಕಳು. ಬರೆದವರು ಊಹಿಸದ ಕಡೆಯಲ್ಲೂ ನಗೆ ಹುಟ್ಟುವುದೆಂದರೆ ಆ ಕುಟುಂಬದ ಕಟ್ಟೋಣ ಅಷ್ಟು ಗಟ್ಟಿ ಎಂದೇ ಅರ್ಥ.

ನನಗೆ ಅತ್ಯಂತ ಪ್ರಿಯವಾದ ಎಳೆ ಜೇ ಮತ್ತು ಫಿಲ್ ನಡುವಿನದು. ನಮ್ಮದು ಅಧಿಕ ಮಾಸ ಬಂತೆಂದರೆ ಅಳಿಯನನ್ನು ಕರೆದು 33 ಅನಾರಸ ಎಣಿಸಿ ಕೊಡುವ ಸೀಮೆ. ಇಲ್ಲಿ ಅಳಿಯ ಮುನಿಸಿಕೊಳ್ಳುತ್ತಾನೆ, ಮಾವ ಒಲಿಸಿಕೊಳ್ಳುತ್ತಾನೆ. ಅಲ್ಲಿ ಎಲ್ಲ ತಿರುವುಮುರುವು. ಕಪಾಟಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಬಿರುಸು ಸ್ವಭಾವದ ಮಾವನಿಂದ ಒಂದು ಮೆಚ್ಚುಗೆಯ ಮಾತು ಕೇಳಲು, ಮನೆ ಮಾರಾಟದ ದಲ್ಲಾಳಿಯಾದ ಅಳಿಯ ಹನ್ನೊಂದು ಸೀಸನ್ ಕಾಯುತ್ತಾನೆ. ಟೈ ಬರ್ರೆಲ್ ಈ ಪಾತ್ರಕ್ಕೆ ಎರಡು ಎಮ್ಮಿ ಪಡೆದದ್ದು ನ್ಯಾಯವೇ ಆಗಿದೆ. ಜೇಯಾಗಿ ನಟಿಸಿದ ಎಡ್ ಓನೀಲ್‌ಗೆ ಒಂದೂ ಸಿಗದಿದ್ದುದು ಮಾತ್ರ ನನಗೆ ಇವತ್ತಿಗೂ ಸರಿಯೆನಿಸಿಲ್ಲ. ಫಿಲ್ ತನ್ನ ಮನೆಯ ಮೆಟ್ಟಿಲಲ್ಲಿ ಸಡಿಲವಾದ ಒಂದು ಹಲಗೆಗೆ ಎಡವುತ್ತಾನೆ, ಇದನ್ನು ರಿಪೇರಿ ಮಾಡಿಸಬೇಕು ಎನ್ನುತ್ತಾನೆ, ಮಾಡಿಸುವುದಿಲ್ಲ. ನಮ್ಮ ಮನೆಯ ಮೆಟ್ಟಿಲಿನ ಮೂರನೆಯ ಶಹಾಬಾದ್ ಕಲ್ಲು ಅಪ್ಪ ಬದುಕಿದ್ದಾಗಿನಿಂದ ‘ಟಕ್’ ಎಂದು ಅಲುಗಾಡುತ್ತಿದೆ. ಅದಕ್ಕೆ ಸಿಮೆಂಟು ಹಾಕಿಸುವ ಮಾತು ಅಪ್ಪನಿಂದ ನನಗೆ ಆಸ್ತಿಯ ಜೊತೆಗೇ ಬಂದಿದೆ.

ಮಿಚೆಲ್ ಮತ್ತು ಕ್ಯಾಮ್ ವಿಷಯದಲ್ಲಿ ನಮ್ಮ ಮನೆ ಸಲೀಸಾಗಿ ಒಪ್ಪಿಕೊಂಡಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ವಾರ ಅವ್ವ ಅವರಿಬ್ಬರನ್ನು ಗೆಳೆಯರೆಂದೇ ತಿಳಿದಿದ್ದಳು, ನಾನು ತಿದ್ದಲೂ ಹೋಗಿರಲಿಲ್ಲ. ಮುಂದೊಮ್ಮೆ ಮನೆಗೆ ಬಂದಿದ್ದ ಬೀಗರೊಬ್ಬರು ವಿಷಯ ತಿಳಿದೊಡನೆ ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಎದ್ದು ಹೋದರು. ಸಲಿಂಗ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ, ಅದು ಪಡಸಾಲೆಯವರೆಗೆ ನಡೆದು ಬರಲು ಇನ್ನೂ ಕಾಲ ಬೇಕು. ಧಾರಾವಾಹಿಯ ಜಾಣತನವೆಂದರೆ, ಆ ಮುಜುಗರವನ್ನು ಅದು ಹೊರಗಿನ ಯಾರಿಗೋ ಹೊರಿಸದೆ ತಂದೆ ಜೇಯ ಒಳಗೇ ಇಟ್ಟಿದೆ. 2014ರಲ್ಲಿ ಪ್ರಸಾರವಾದ ಮದುವೆಯ ಎರಡು ಸಂಚಿಕೆಗಳಲ್ಲಿ, ಒಂದಾದ ಮೇಲೊಂದು ಜಾಗ ಕೈತಪ್ಪಿದಾಗ, ಮೊದಲಿನಿಂದಲೂ ಸಪ್ಪಗಿದ್ದ ಜೇ ತನ್ನ ಕ್ಲಬ್ಬಿನಲ್ಲೇ ಮದುವೆಗೆ ಏರ್ಪಾಡು ಮಾಡಿ ಮಗನ ಜೊತೆ ನಡೆದು ಬರುತ್ತಾನೆ. ಅವನು ಪೂರ್ತಿ ಬದಲಾಗಿರುವುದಿಲ್ಲ, ಆದರೆ ಬಂದಿರುತ್ತಾನೆ. ಅಂದು ರಾತ್ರಿ ರೊಟ್ಟಿ ತಟ್ಟುತ್ತ ಅವ್ವ ತನ್ನ ಲೆಕ್ಕವನ್ನು ಒಪ್ಪಿಸಿದಳು: “ಮಗನ ಕೈ ಹಿಡದಾನ, ಅಂದ್ರ ಸೊಸಿ ಅನ್ಬೇಕು. ಗಂಡಸ ಅದಾನ, ಅಂದ್ರ ಅಳಿಯ ಅನ್ಬೇಕು. ಅಳಿಯ ಅಂತ ಇಟ್ಕೋ, ಮರ್ಯಾದಿ ಜಾಸ್ತಿ ಇರ್ತದ.” ಐವತ್ತು ವರ್ಷ ಈ ಮನೆಯ ಸೊಸೆಯಾಗಿದ್ದವಳ ಮಾತದು, ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕ್ಯಾಮ್ ಮಿಸೌರಿಯ ಒಕ್ಕಲುತನದ ಮನೆಯಲ್ಲಿ ಬೆಳೆದವನೆಂದು ತಿಳಿದ ಮೇಲಂತೂ, ತೊಗರಿ ಹೊಲದ ಅವ್ವನಿಗೆ ಅವನ ಮೇಲೆ ಒಂದು ಕೈ ಹೆಚ್ಚಿನ ಅಕ್ಕರೆಯೇ ಹುಟ್ಟಿತು.

ಭಾಷೆಯ ತೊಡಕನ್ನು ಹೇಳಲೇಬೇಕು. ನಾವು ನೋಡುವ ಸ್ಟ್ರೀಮಿಂಗ್ ಆ್ಯಪಿನಲ್ಲಿ ಇದಕ್ಕೆ ಕನ್ನಡದ ಅಡಿಬರಹವಿಲ್ಲ. ಕೇಳಿ ಎರಡು ಸಲ ಬರೆದೆ, ಯಂತ್ರವೊಂದು ಎರಡು ಸಲವೂ ಒಂದೇ ಧನ್ಯವಾದ ಕಳಿಸಿತು. ಹಾಗಾಗಿ ಪಾಸ್ ಬಟನ್ ಒತ್ತಿ ಒತ್ತಿ ನಾನೇ ದುಭಾಷಿಯಾದೆ, 22 ನಿಮಿಷದ ಸಂಚಿಕೆ ಮುಕ್ಕಾಲು ಗಂಟೆಯಾಯಿತು. ಶ್ಲೇಷೆಗಳ ಮುಂದೆ ನಾನು ಸೋತೆ. ಗ್ಲೋರಿಯಾ ‘ಬೇಬಿ ಚೀಸಸ್’ ತರಿಸಲು ಹೇಳಿದ್ದು ಅವಳ ಉಚ್ಚಾರದಲ್ಲಿ ‘ಬೇಬಿ ಜೀಸಸ್’ ಎಂದು ಕೇಳಿಸಿ, ಪೆಟ್ಟಿಗೆ ತುಂಬ ಬಾಲ ಯೇಸುವಿನ ಬೊಂಬೆಗಳು ಬಂದಿಳಿಯುವ ದೃಶ್ಯವನ್ನು ಹತ್ತು ನಿಮಿಷ ವಿವರಿಸಿದೆ. ಅವ್ವ ಶ್ಲೇಷೆಗೆ ನಗಲಿಲ್ಲ, ಜೇಯ ಮುಖ ನೋಡಿ ನಕ್ಕಳು. ಇದೇ ಗ್ಲೋರಿಯಾ ಒಮ್ಮೆ ಸಿಟ್ಟಿನಲ್ಲಿ, ನನ್ನ ಭಾಷೆಯಲ್ಲಿ ನಾನೆಷ್ಟು ಬುದ್ಧಿವಂತೆ ಎಂಬುದು ನಿಮಗೇನು ಗೊತ್ತು ಎಂಬರ್ಥದ ಮಾತೊಂದನ್ನು ಆಡುತ್ತಾಳೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಗ, ನಿಮ್ಮದು ಕನ್ನಡವೇನ್ರೀ ಎಂದು ವಾರಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತಿದ್ದ ನಾನು ಆ ಸಂಚಿಕೆಯನ್ನು ಒಬ್ಬನೇ ಕುಳಿತು ಇನ್ನೊಮ್ಮೆ ನೋಡಿದ್ದೇನೆ.

ರೂಪದ ದೃಷ್ಟಿಯಿಂದ ಇದು ಸುಳ್ಳು ಸಾಕ್ಷ್ಯಚಿತ್ರ. ನಡುನಡುವೆ ಪಾತ್ರಗಳು ಸೋಫಾದ ಮೇಲೆ ಕುಳಿತು ಕ್ಯಾಮೆರಾಕ್ಕೆ ನೇರವಾಗಿ ಮಾತಾಡುತ್ತವೆ. ಯಾವಾಗ ನಗಬೇಕೆಂದು ಹೇಳಿಕೊಡುವ ಸಭಿಕರ ನಗೆಯ ಧ್ವನಿ ಇಲ್ಲ. ಗಂಡ ಹೆಂಡತಿ ಜೊತೆಯಾಗಿ ಕುಳಿತು ಉತ್ತರಿಸುವಾಗ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಕಣ್ಣು ಹೊರಳುವ ಅರೆಕ್ಷಣದಲ್ಲಿ ಹಾಸ್ಯವಿರುತ್ತದೆ. ಎರಡನೆಯ ಸುತ್ತಿನಲ್ಲಿ ನಾನು ಮಾತಾಡುವವರನ್ನು ಬಿಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತವರನ್ನೇ ನೋಡಿದೆ, ಬೇರೆಯೇ ಧಾರಾವಾಹಿ ನೋಡಿದಂತಾಯಿತು. 2015ರ ಒಂದು ಸಂಚಿಕೆಯಂತೂ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡ ಕ್ಲೇರಳ ಲ್ಯಾಪ್‌ಟಾಪ್ ಪರದೆಯ ಮೇಲೆಯೇ ಮೊದಲಿನಿಂದ ಕೊನೆಯವರೆಗೆ ನಡೆಯುತ್ತದೆ. ಫೋನ್ ಎತ್ತದ ಮಗಳು ಎಲ್ಲಿ ಹೋದಳೆಂದು ತಾಯಿ ಒಂದೊಂದೇ ಕಿಟಕಿ ತೆರೆದು ಹುಡುಕುವಾಗ, ಮಗಳು ಪುಣೆಗೆ ಮರಳಿದ ಮೇಲೆ ನನ್ನ ಹೆಂಡತಿ ವಾಟ್ಸ್‌ಆ್ಯಪಿನ ಎರಡು ನೀಲಿ ಗೆರೆಗಳಿಗಾಗಿ ಕಾಯುತ್ತಿದ್ದ ರಾತ್ರಿಗಳು ನೆನಪಾದವು.

ದೋಷಗಳೂ ಇವೆ. ಎಂಟನೆಯ ಸೀಸನ್ನಿನ ನಂತರ ಬರವಣಿಗೆ ಸಡಿಲಾಗುತ್ತದೆ, ಮ್ಯಾನಿ ಮತ್ತು ಲ್ಯೂಕ್ ದೊಡ್ಡವರಾದ ಮೇಲೆ ಅವರಿಗೇನು ಕೆಲಸ ಕೊಡಬೇಕೆಂದು ಬರಹಗಾರರಿಗೇ ತಿಳಿದಿಲ್ಲ. ಗ್ಲೋರಿಯಾಳ ಉಚ್ಚಾರದ ಮೇಲಿನ ತಮಾಷೆಯನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ. ಸಂಚಿಕೆಯ ಕೊನೆಗೆ ಯಾರಾದರೊಬ್ಬರು ಹಿನ್ನೆಲೆಯಲ್ಲಿ ಕುಟುಂಬದ ಮಹತ್ವವನ್ನು ಉಪದೇಶಿಸುವ ಚಾಳಿ ಮೂರನೆಯ ಸುತ್ತಿನಲ್ಲಿ ಕಿರಿಕಿರಿಯಾಗುತ್ತದೆ. ಅದು ಶುರುವಾದೊಡನೆ ಮಗಳು ಧ್ವನಿ ತಗ್ಗಿಸುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮೂರು ಮನೆಗಳಲ್ಲಿ ಯಾರಿಗೂ ತಿಂಗಳ ಕೊನೆಯ ಚಿಂತೆಯೆಂಬುದಿಲ್ಲ. ಅಣ್ಣತಮ್ಮಂದಿರು ಮಾತು ಬಿಡುವುದು ಹೊಲದ ಬದುವಿಗಾಗಿ ಎಂಬುದನ್ನು ಬಲ್ಲ ನಮಗೆ, ಆಸ್ತಿಯ ಮಾತೇ ಹೆಚ್ಚಾಗಿ ಬಾರದ ಈ ಮನೆತನದ ಒಗ್ಗಟ್ಟು ಕೆಲವೊಮ್ಮೆ ಅಗ್ಗವಾಗಿ ಸಿಕ್ಕಿದ್ದೆನಿಸುತ್ತದೆ.

ಹೊಸದಾಗಿ ನೋಡುವವರು ಮೊದಲ ಆರು ಸೀಸನ್‌ಗಳನ್ನು ಕ್ರಮವಾಗಿ ನೋಡಿ, ಆಮೇಲಿನವನ್ನು ಆಯ್ದು ನೋಡಿದರೆ ನಷ್ಟವೇನಿಲ್ಲ. ಹತ್ತನೆಯ ಸೀಸನ್ನಿನ ಕೊನೆಯನ್ನು ಮಾತ್ರ ಬಿಡಬೇಡಿ, ಅಲ್ಲಿ ಹೇಲಿಗೆ ಅವಳಿ ಮಕ್ಕಳಾಗುತ್ತವೆ. ಕೊನೆಯ ಸಂಚಿಕೆಯಲ್ಲಿ ಮಿಚೆಲ್ ಮತ್ತು ಕ್ಯಾಮ್ ಮಿಸೌರಿಗೆ ಹೊರಟು ನಿಂತು, ಮಕ್ಕಳೆಲ್ಲ ಒಂದೊಂದು ದಿಕ್ಕು ಹಿಡಿಯುವುದನ್ನು ಅವ್ವ ಒಂದೇ ಸಲ ನೋಡಿದ್ದಾಳೆ. ಎರಡನೆಯ ಸುತ್ತಿನಲ್ಲಿ ಅದರ ಹಿಂದಿನ ಸಂಚಿಕೆ ಮುಗಿದೊಡನೆ “ಮೊದಲಿಂದ ಹಚ್ಚು” ಎಂದಳು. ಈಗ ನಾಲ್ಕನೆಯ ಸೀಸನ್ನಿನಲ್ಲಿದ್ದೇವೆ. ಮೊನ್ನೆ ಜೇ ಮತ್ತು ಗ್ಲೋರಿಯಾರಿಗೆ ಜೋ ಹುಟ್ಟಿದ. ಮುಂದಿನದೆಲ್ಲ ತಿಳಿದಿರುವ ಅವ್ವ ಬೆರಳು ಮಡಚುತ್ತ ಎಣಿಸಿದಳು: ಕ್ಲೇರಳಿಗೆ ತಮ್ಮ, ಹೇಲಿಗೆ ಸೋದರಮಾವ, ಹೇಲಿಯ ಅವಳಿಗಳಿಗೆ ಅಜ್ಜ. ಆ ಅವಳಿಗಳು ಹುಟ್ಟುವಾಗ ಜೋನಿಗೆ ಆರು ವರ್ಷ. “ಹಲ್ಲು ಬೀಳೂಕ್ಕ ಮೊದಲs ಅಜ್ಜ ಆದ ನೋಡು” ಎಂದು ಹೇಳಿ, ಪಾಸ್ ಒತ್ತಿದ್ದನ್ನು ತೆಗೆಯಲು ನನಗೆ ಸನ್ನೆ ಮಾಡಿದಳು.