ಮಗಳ ಓದಿಗೆ ಯಾವುದು ಒಗ್ಗಿತು: ಹೈಲೈಟರಾ, ಟ್ಯಾಬಾ, ಲಾಂಗ್ ಬುಕ್ಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅರವತ್ತು ರೂಪಾಯಿಯ ಲಾಂಗ್ ಬುಕ್ಕಿಗೆ. ಅಲ್ಲಿಗೆ ಬಂದು ಮುಟ್ಟುವ ಮೊದಲು ನಾಲ್ಕು ಸಾವಿರಕ್ಕೂ ಜಾಸ್ತಿ ದುಡ್ಡು ಕೈಬಿಟ್ಟಿದೆ, ಅದು ಬೇರೆ ಮಾತು.

ನಾವಿರುವುದು ಕೊಡಗಿನ ನಾಪೋಕ್ಲು ಹತ್ತಿರ. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಮಗಳು ಚೆನ್ನಾಗಿ ಓದುತ್ತಾಳೆ. ಗಟ್ಟಿಯಾಗಿ, ಎಲ್ಲೂ ತಡವರಿಸದೆ. ಓದಿ ಮುಗಿಸಿದ ಮೇಲೆ "ಪಾಠದಲ್ಲಿ ಏನಿತ್ತು ಹೇಳು" ಅಂದರೆ ಮಾತ್ರ ಮತ್ತೆ ಪುಸ್ತಕ ಬಿಚ್ಚುತ್ತಿದ್ದಳು. ನೋಟ್ಸ್ ಅಂದರೆ ಬೋರ್ಡಿನಲ್ಲಿ ಇದ್ದದ್ದನ್ನು ಇಳಿಸಿಕೊಳ್ಳುವುದು ಅಂತ ಅವಳ ಲೆಕ್ಕ. ನಾವೂ ಹಾಗೇ ಬೆಳೆದವರು ಅಲ್ವಾ.

ಕಳೆದ ಜೂನ್‌ನಲ್ಲಿ ಮಡಿಕೇರಿಗೆ ಹೋದಾಗ ಆರು ಬಣ್ಣದ ಹೈಲೈಟರ್ ಸೆಟ್ ತಂದೆ. 180 ರೂಪಾಯಿ. ಮುಖ್ಯವಾದದ್ದಕ್ಕೆ ಮಾತ್ರ ಗೆರೆ ಎಳಿ ಅಂತ ಹೇಳಿಕೊಟ್ಟೆ. ಒಂದು ವಾರ ಬಿಟ್ಟು ಪುಸ್ತಕ ನೋಡಿದರೆ, ಮಣ್ಣಿನ ಪಾಠದ ಒಂದು ಪುಟದಲ್ಲಿ ಇದ್ದದ್ದು 22 ಸಾಲು, ಅದರಲ್ಲಿ 17ಕ್ಕೆ ಬಣ್ಣ. "ಯಾಕೆ ಇಷ್ಟೊಂದು?" ಅಂದೆ. "ಎಲ್ಲಾ ಮುಖ್ಯಾನೇ ಅವ್ವ." ಅವಳ ಮಾತಲ್ಲೂ ತಪ್ಪಿಲ್ಲ. ಯಾವುದು ಮುಖ್ಯ ಅಂತ ಗೊತ್ತಾಗಬೇಕಾದರೆ ಮೊದಲು ಅರ್ಥ ಆಗಿರಬೇಕು. ಹೈಲೈಟರ್ ಆ ಕೆಲಸ ಮಾಡುವುದಿಲ್ಲ.

ಆಮೇಲೆ ಜುಲೈ ಬಂತು. ಕೊಡಗಿನ ಜುಲೈ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಉಪ್ಪಿನ ಡಬ್ಬದಲ್ಲಿ ನೀರು, ಚಪ್ಪಲಿಗೆ ಬೂಷ್ಟು, ಬಟ್ಟೆ ಒಣಗುವುದು ಒಲೆ ಮೇಲಿನ ಹಗ್ಗದಲ್ಲಿ. ಪುಸ್ತಕದ ಹಾಳೆ ಕೂಡ ಮೆತ್ತಗಾಗಿರುತ್ತದೆ, ಡಬ್ಬದ ಹೊರಗೆ ಮರೆತ ಹಪ್ಪಳದ ಹಾಗೆ. ಅಂಥ ಹಾಳೆಯ ಮೇಲೆ ಹೈಲೈಟರ್ ಆಡಿಸಿದರೆ ಬಣ್ಣ ನಿಲ್ಲುವುದೇ ಇಲ್ಲ. ಹಿಂದಿನ ಪುಟಕ್ಕೆ ಇಳಿಯುತ್ತದೆ. 31ನೇ ಪುಟಕ್ಕೆ ಬಳಿದ ಗುಲಾಬಿ 32ರಲ್ಲಿ ಭೂಪಟದ ಮೇಲೆ ಎದ್ದು ಕೂತಿತ್ತು. ಯಾವ ಗೆರೆ ಈ ಪುಟದ್ದು, ಯಾವುದು ಆ ಕಡೆಯಿಂದ ಬಂದದ್ದು ಅಂತ ಅವಳಿಗೇ ತಿಳಿಯದು.

ಇನ್ನು ಜೆಲ್ ಪೆನ್ನಿನಲ್ಲಿ ಬರೆದ ನೋಟ್ಸ್ ಮೇಲೆ ಹಳದಿ ಎಳೆದಾಗ ಅಕ್ಷರವೇ ಕದಡಿಹೋಯಿತು. ನೀಲಿಗೆ ಹಳದಿ ಸೇರಿ ಪಾಚಿ ಹಸಿರು. ಹೈಲೈಟರ್ ತುದಿಯೂ ಹಸಿರಾಗಿ ಮುಂದಿನ ಪುಟಕ್ಕೂ ಅದನ್ನೇ ಬಳಿಯಿತು. ಒದ್ದೆ ಆರಲಿ ಅಂತ ನನ್ನ ಬುದ್ಧಿವಂತೆ ಮಗಳು ಪುಸ್ತಕವನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿದಳು. ಬೆಳಿಗ್ಗೆ ತೆಗೆದರೆ ಮೂರು ಹಾಳೆ ಒಂದಕ್ಕೊಂದು ಅಂಟಿ, ಇಡೀ ಪುಸ್ತಕ ಹೊಗೆ ವಾಸನೆ. ಬಿಡಿಸಲು ಹೋಗಿ ಒಂದು ಹರಿಯಿತು. ವರ್ಷದ ನಡುವೆ ಹೊಸ ಪಠ್ಯಪುಸ್ತಕ ಎಲ್ಲಿ ಹುಡುಕುವುದು? ಪಕ್ಕದ ಮನೆಯ ಹುಡುಗನ ಪುಸ್ತಕ ತಂದು ಆ ಪುಟಗಳ ಜೆರಾಕ್ಸ್ ಮಾಡಿಸಿದೆ. ಕರೆಂಟ್ ಇಲ್ಲ ಅಂತ ಅಂಗಡಿಗೂ ಎರಡು ಸಲ ಹೋಗಬೇಕಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲೋಸ್ಕಿ ಮತ್ತು ಜೊತೆಗಾರರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದ್ದರು. ಗೆರೆ ಎಳೆಯುವುದು ಕೆಳಗಿನ ಸಾಲಿನಲ್ಲಿ, ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು ಮೇಲಿನ ಸಾಲಿನಲ್ಲಿ. ಇದನ್ನು ಓದಿದ್ದು ಜೆರಾಕ್ಸ್ ಮಾಡಿಸಿದ ಮೇಲೆ. ನನ್ನ ಹಣೆಬರಹ.

ಟ್ಯಾಬಿನ ಆ್ಯಪ್‌ಗೆ ವರ್ಷಕ್ಕೆ 4,200 ರೂಪಾಯಿ ಕಟ್ಟಿದ್ದೆವು. ಕಥೆ ಓದಬೇಕು, ಕೆಳಗೆ ನಾಲ್ಕು ಉತ್ತರ, ಒಂದನ್ನು ಒತ್ತಬೇಕು. ಕಥೆ ಬಿಟ್ಟು ಉತ್ತರ ಒತ್ತುವುದನ್ನು ಎರಡೇ ದಿನದಲ್ಲಿ ಕಲಿತಳು. ತಪ್ಪಾದರೆ ಮತ್ತೊಂದು ಒತ್ತಿದರಾಯಿತು. ಸಾಲದ್ದಕ್ಕೆ, "ಡಿಸಿ ರಜೆ ಕೊಟ್ರಾ?" ಅಂತ ಮಕ್ಕಳು ಕಾಯುವ ದಿನಗಳಲ್ಲೇ ಲೈನಿನ ಮೇಲೆ ಮರ ಬಿದ್ದು ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮನೆಯಲ್ಲಿ ಕೂತು ಓದಲು ಪುರುಸೊತ್ತು ಸಿಗುವುದೇ ಆಗ. ಕನ್ನಡ ಕಥೆ ಬೇಕಾದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ, ಪುಕ್ಕಟೆ, ಮಕ್ಕಳ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಮಗನಿಗೆ ಸಿಗ್ನಲ್ ಇದ್ದಾಗ ಇಳಿಸಿಟ್ಟುಕೊಳ್ಳುತ್ತೇನೆ.

ಗೈಡ್: ಉತ್ತರ ಬಾಯಿಪಾಠಕ್ಕೆ ಸರಿ, ಓದುವುದಕ್ಕಲ್ಲ.

ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಹೇಳಿದ ಐದು ಹೆಜ್ಜೆಯ ವಿಧಾನವನ್ನೂ ಒಂದು ವಾರ ನೋಡಿದೆವು. ಮೊದಲು ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ಬಾಯಲ್ಲಿ ಹೇಳು, ತಿರುಗಿ ನೋಡು. ದೊಡ್ಡ ಮಕ್ಕಳಿಗೆ ಒಳ್ಳೆಯದೇ. ನನ್ನ ಮಗಳಿಗೆ ಮೂರನೇ ಹೆಜ್ಜೆಗೆ ನಿದ್ದೆ.

ಈಗ ಲಾಂಗ್ ಬುಕ್ಕಿಗೆ ಬರೋಣ. ಇದರಲ್ಲಿ ನೋಟ್ಸ್ ಬರೆಯುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ಕಾಲೇಜು ಮಕ್ಕಳಿಗೆ ಹೇಳಿಕೊಟ್ಟ ಕ್ರಮದಲ್ಲಿ. ಇದಕ್ಕೆ ಅಂತಲೇ ಗೆರೆ ಹಾಕಿದ ಪುಸ್ತಕ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸುಮ್ನೆ ದುಡ್ಡು ದಂಡ. ಹಾಳೆಯ ಎಡಗಡೆ ಮೂರರಲ್ಲಿ ಒಂದು ಪಾಲು ಮಡಚಿ, ಬಿಚ್ಚಿ, ಆ ಮಡಿಕೆ ಗುರುತಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಆಯಿತು. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಅಡ್ಡ ಗೆರೆ. ಬಲಗಡೆ ಓದಿದ್ದರ ಬಗ್ಗೆ ಚಿಕ್ಕ ಚಿಕ್ಕ ಸಾಲು. ಎಡಗಡೆ ಪ್ರಶ್ನೆ. ಕೆಳಗೆ ಎರಡು ಸಾಲಿನಲ್ಲಿ ಒಟ್ಟು ವಿಷಯ. ಮಾರನೇ ದಿನ ಬಲಗಡೆಯನ್ನು ಕೈಯಿಂದ ಮುಚ್ಚಿಕೊಂಡು ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದು. ಬರೆಯುವುದು ಬಾಲ್ ಪೆನ್ನಿನಲ್ಲಿ. ಎಂಥ ಮಳೆಗೂ ಕದಡುವುದಿಲ್ಲ.

ಮೊದಲ ಹದಿನೈದು ದಿನ ಇದೂ ಕೈಕೊಟ್ಟಿತು. ಪುಸ್ತಕದ ಸಾಲನ್ನೇ ಬಲಗಡೆಗೆ ಇಳಿಸಿದಳು, ಪಾಠದ ಕೊನೆಯ ಪ್ರಶ್ನೆಗಳನ್ನೇ ಎಡಗಡೆಗೆ. ಆಮೇಲೆ ಹೊಳೆಯಿತು. ನಾವು ಮನೆಯಲ್ಲಿ ಮಾತಾಡುವುದು ಕೊಡವ ತಕ್ಕ್. ಪುಸ್ತಕದ ಕನ್ನಡ ಅವಳಿಗೆ ಶಾಲೆಯ ಭಾಷೆ. "ಪುಸ್ತಕ ಮುಚ್ಚು, ಅಜ್ಜನಿಗೆ ತಕ್ಕ್‌ನಲ್ಲೇ ಹೇಳು, ಆಮೇಲೆ ಬರಿ" ಅಂದೆ. ಅಜ್ಜನಿಗೆ ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕು. ಎರಡನೇ ಸಲ ಹೇಳುವಾಗ ಬೇಡದ್ದೆಲ್ಲ ತಾನಾಗಿ ಉದುರಿಹೋಗುತ್ತದೆ. ಅಲ್ಲಿಂದ ಬಲಗಡೆಯ ಸಾಲುಗಳು ಅವಳದೇ ಆದವು.

ಒಂದು ಸಂಜೆ ಪತ್ರಿಕೆಯಲ್ಲಿ ಬಂದ ಜಲಾಶಯಗಳ ಸುದ್ದಿಯನ್ನು ಓದಲು ಕೊಟ್ಟೆ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಕೆಆರ್‌ಎಸ್‌ನದ್ದು 124.80 ಅಡಿ. ಮೊದಲಾಗಿದ್ದರೆ ಎರಡಕ್ಕೂ ಹಳದಿ ಬಳಿದು ಎದ್ದುಹೋಗುತ್ತಿದ್ದಳು. ಈ ಸಲ ಎಡಗಡೆ ಬರೆದ ಪ್ರಶ್ನೆ: "ಹಾರಂಗಿ ಅಷ್ಟು ಆಳ ಇದ್ದರೆ ಕೆಆರ್‌ಎಸ್ ಯಾಕೆ ದೊಡ್ಡದು ಅಂತಾರೆ?"

ನಾನು ಇಷ್ಟು ವರ್ಷ ಆ ಅಂಕಿಗಳನ್ನು ಓದುತ್ತಾ ಬಂದವಳು, ಒಂದು ಸಲವೂ ಹೀಗೆ ಕೇಳಿಕೊಂಡಿಲ್ಲ. ಹಾರಂಗಿಗೆ ಹೇಳುವುದು ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ, ಕೆಆರ್‌ಎಸ್‌ಗೆ ನದಿಯ ತಳದಿಂದ ಲೆಕ್ಕ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಹಾಗೇ ಇಲ್ಲ. ನೋಡಬೇಕಾದದ್ದು ಎಷ್ಟು ನೀರು ಹಿಡಿಯುತ್ತದೆ ಅಂತ: ಹಾರಂಗಿ 8.5 ಟಿಎಂಸಿ, ಕೆಆರ್‌ಎಸ್ ಸುಮಾರು 49. ಕೆಳಗಿನ ಎರಡು ಸಾಲಿನಲ್ಲಿ ಅವಳು ಬರೆದದ್ದು, "ಅಡಿ ನೋಡಿ ದೊಡ್ಡದು ಅನ್ನಬಾರದು. ಎಲ್ಲಿಂದ ಅಳೆದರು ಕೇಳಬೇಕು." ಅವಳಿಗೆ ಎಲ್ಲಿ ಅರ್ಥ ಆಗಿಲ್ಲ ಅಂತ ನನಗೆ ಕಾಣಿಸಿದ್ದು ಆ ಎಡಗಡೆಯ ಜಾಗದಿಂದ. ಬಳಿದ ಬಣ್ಣದಲ್ಲಿ, ಒತ್ತಿದ ಉತ್ತರದಲ್ಲಿ ಅದು ಕಾಣಿಸಿರಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಯಾರಾದರೂ ಜೊತೆಗೆ ಕೂರಬೇಕು. ಮಳೆಗಾಲದಲ್ಲಿ ನನಗೆ ಸಂಜೆ ಬಿಡುವು, ಹಾಗಾಗಿ ವಾರಕ್ಕೆ ನಾಲ್ಕು ದಿನ ನಡೆಯುತ್ತದೆ. ಪುತ್ತರಿ ಹಬ್ಬ ಮುಗಿದು ಕಾಫಿ ಕುಯ್ಲು ಶುರುವಾದರೆ ಭಾನುವಾರ ಒಂದೇ. ಸಂಜೆ ಏಳರವರೆಗೆ ಕೆಲಸದಲ್ಲಿರುವ ಅಪ್ಪ ಅಮ್ಮನಿಗೆ, ಮನೆಯಲ್ಲಿ ಕೇಳುವ ಅಜ್ಜನೂ ಇಲ್ಲದಿದ್ದರೆ, ಇದು ಕಷ್ಟವೇ. ಮೂರನೇ ಕ್ಲಾಸಿನವನಿಗೂ ಇದು ಭಾರ. ಅವನು ಕಥೆ ಓದಿ ಒಂದು ಚಿತ್ರ ಬರೆದು ಕೆಳಗೆ ಒಂದು ಸಾಲು ಬರೆದರೆ ಸಾಕು ಅಂತ ಬಿಟ್ಟಿದ್ದೇನೆ.

ಆ್ಯಪ್ ಈ ವರ್ಷ ಮುಂದುವರಿಸಲಿಲ್ಲ. ನಾಲ್ಕು ಲಾಂಗ್ ಬುಕ್ ತಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಉಳಿದ ಹೈಲೈಟರ್‌ಗಳು ಮಗನ ಪಾಲಿಗೆ ಹೋದವು. ನಿನ್ನೆ ಅದರಲ್ಲೇ ಮಂಗಟ್ಟೆ ಹಕ್ಕಿಯ ಕೊಕ್ಕಿಗೆ ಹಳದಿ ಹಚ್ಚುತ್ತಾ ಕೂತಿದ್ದ.