ಮಾಮಾ ತಂದ ಕ್ಯಾಸೆಟ್ಟಿನ ಡೈನೋಸಾರ್ ಮನೆ, 30 ವರ್ಷದ ಮೇಲೆ ಮತ್ತೆ ನೋಡಿದೆ

‘ಡೈನೋಸಾರ್ಸ್’ ಅನ್ನುವ ಅಮೆರಿಕದ ಗೊಂಬೆ ಧಾರಾವಾಹಿಯ 65 ಕಂತುಗಳನ್ನೂ ಈ ಬೇಸಿಗೆಯಲ್ಲಿ ಕೂತು ನೋಡಿ ಮುಗಿಸಿದೆ. ಡಿವಿಡಿ ತರಿಸಬೇಕಾ ಬೇಡ್ವಾ ಅಂತ ಯಾರಾದರೂ ಯೋಚಿಸುತ್ತಿದ್ದರೆ, ತರಿಸಿ. ಆದರೆ ಕೊನೆಯ ಕಂತು ಬಂದಾಗ ಮಕ್ಕಳನ್ನು ಟಿವಿ ಮುಂದೆ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲೇ ಕೂತಿರಿ.

ನಾನು ಇದನ್ನು ಮೊದಲು ನೋಡಿದ್ದು 1995ರ ಸುಮಾರಿಗೆ. ಗಲ್ಫಿನಲ್ಲಿ ಕೆಲಸಕ್ಕಿದ್ದ ಮಾಮಾ ರಜೆಗೆ ಬಂದಾಗ ಒಂದು ವಿಸಿಆರ್ ತಂದಿದ್ದ, ಜೊತೆಗೆ ಎರಡು ಕ್ಯಾಸೆಟ್. ಅಷ್ಟರಲ್ಲಿ ಇದ್ದದ್ದು ಕೆಲವೇ ಕಂತು. ಅದನ್ನೇ ನಾನು, ತಮ್ಮ, ಓಣಿಯ ಹುಡುಗರು ಸೇರಿ ಟೇಪು ಸವೆಯುವ ತನಕ ನೋಡಿದೆವು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತ ಆ ಗುಲಾಬಿ ಬಣ್ಣದ ಕೂಸು ಅಪ್ಪನ ತಲೆಗೆ ಬಾಣಲೆಯಿಂದ ಬಾರಿಸಿ ‘ನಾಟ್ ದ ಮಾಮಾ’ ಅಂತ ಕೂಗಿದರೆ ಸಾಕು, ನಾವು ಫರಸಿ ಮೇಲೆ ಉರುಳಾಡಿ ನಗುತ್ತಿದ್ದೆವು.

‘ಮಾಮಾ’ ಅಂದರೆ ಅಲ್ಲಿ ಅವ್ವ. ನಮಗೆ ಅದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾಮಾ ಅಂದರೆ ಅವ್ವನ ತಮ್ಮ, ಕ್ಯಾಸೆಟ್ ತಂದವನು. ‘ನೀನು ಮಾಮಾ ಅಲ್ಲ’ ಅಂತ ಕೂಸು ಯಾಕೆ ಹೊಡೆಯುತ್ತದೆ ಅಂತ ಬಹಳ ದಿನ ಚರ್ಚೆ ಮಾಡಿದ್ದೆವು. ಕೊನೆಗೆ ತಮ್ಮನೇ ಉತ್ತರ ಹೇಳಿದ: ‘ಅದರ ಮಾಮಾನೂ ಗಲ್ಫಿಗಿ ಹೋಗ್ಯಾನ.’ ಮಾಮಾ ವಾಪಸ್ ಹೋದ ಮೇಲೆ ಆ ದೃಶ್ಯ ಬಂದಾಗ ತಮ್ಮ ನಗುತ್ತಿರಲಿಲ್ಲ.

ಮಾಮಾ ಈಗಿಲ್ಲ. ಅವನ ಮಗಳು ಹೋದ ವರ್ಷ ಅಮೆರಿಕದಿಂದ ಬರುವಾಗ ಡಿವಿಡಿಯ ಎರಡು ಡಬ್ಬಿ ತಂದುಕೊಟ್ಟಳು. ಒಂದರಲ್ಲಿ ಮೊದಲೆರಡು ಸೀಸನ್, ಇನ್ನೊಂದರಲ್ಲಿ ಮೂರು ಮತ್ತು ನಾಲ್ಕು. ಬೀದರಿನ ನಮ್ಮ ಮನೆಯಲ್ಲಿ ಹಾಗೇ ಇಟ್ಟಿದ್ದೆ. ಮೇನಲ್ಲಿ ಮಗಳನ್ನು ಕರೆದುಕೊಂಡು ಕಲಬುರಗಿಗೆ, ತವರಿಗೆ ಹೋದಾಗ ಚೀಲಕ್ಕೆ ಹಾಕಿಕೊಂಡೆ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ 1991ರಿಂದ 1994ರವರೆಗೆ ಬಂದ ಧಾರಾವಾಹಿ ಇದು. ಕಥೆಯ ಮೂಲ ಆಲೋಚನೆ ಮಪೆಟ್ ಗೊಂಬೆಗಳನ್ನು ಹುಟ್ಟಿಸಿದ ಜಿಮ್ ಹೆನ್ಸನ್ ಅವರದು. ಆದರೆ ಅವರು 1990ರಲ್ಲೇ ತೀರಿಕೊಂಡರು, ತೆರೆಯ ಮೇಲೆ ನೋಡಲಿಲ್ಲ. ಕಥೆ ನಡೆಯುವುದು ಕ್ರಿಸ್ತಪೂರ್ವ 6,00,00,003ರಲ್ಲಿ. ಅರ್ಲ್ ಸಿಂಕ್ಲೇರ್ ಮನೆಯ ಯಜಮಾನ, ಫ್ರಾನ್ ಹೆಂಡತಿ, ರಾಬಿ ಮತ್ತು ಶಾರ್ಲೀನ್ ಬೆಳೆದ ಮಕ್ಕಳು, ಆಮೇಲೆ ಆ ಕೂಸು. ಜೊತೆಗೆ ಗಾಲಿಕುರ್ಚಿಯ ಅತ್ತೆ ಎಥಿಲ್. ಫ್ರಿಜ್ ತೆಗೆದರೆ ಒಳಗಿನ ಊಟವೇ ತಲೆ ಎತ್ತಿ ಮಾತಾಡುತ್ತದೆ. ಅರ್ಲ್‌ಗೆ ಕಂಪನಿಯಲ್ಲಿ ಕೆಲಸ. ಕೆಲಸ ಏನು ಅಂದರೆ ಮರ ಕೆಡವುವುದು. ಕಂಪನಿಯ ಹೆಸರು ‘ವಿ ಸೇ ಸೋ’. ಕನ್ನಡದಲ್ಲಿ ಹೇಳಬೇಕಂದರೆ ‘ನಾವು ಹೇಳಿದ್ದೇ ಆಯ್ತು ಕಂಪನಿ’. ಚಿಕ್ಕವರಿದ್ದಾಗ ಇದೊಂದೂ ತಲೆಗೆ ಹೋಗಿರಲಿಲ್ಲ.

ಸಿಂಕ್ಲೇರ್, ಹೆಸ್, ಫಿಲಿಪ್ಸ್, ರಿಚ್‌ಫೀಲ್ಡ್, ಎಥಿಲ್ ಅಂತ ಬರುವ ಹೆಸರುಗಳೆಲ್ಲ ಪೆಟ್ರೋಲ್ ಲೋಕದವು ಅಂತ ಈ ಸಲ ಹೊಳೆದಾಗ ಡಿವಿಡಿ ನಿಲ್ಲಿಸಿ ಸುಮ್ನೆ ಕೂತೆ. ಆ ಪ್ರಾಣಿಗಳಿಗೆ ಎಣ್ಣೆ ಕಂಪನಿಗಳ ಹೆಸರು ಇಟ್ಟವರು ಮೊದಲ ದಿನದಿಂದಲೇ ಕಥೆ ಎಲ್ಲಿಗೆ ಹೋಗಬೇಕು ಅಂತ ತಿಳಿದಿದ್ದರು ಅನಿಸುತ್ತದೆ.

ಗೊಂಬೆಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತವನೇ ಗೊಂಬೆ ಆಡಿಸುತ್ತಾನೆ, ಮಾತೂ ಹೇಳುತ್ತಾನೆ, ಹಾಡುತ್ತಾನೆ. ಇಲ್ಲಿ ಒಬ್ಬ ಅರ್ಲ್ ಆಗಲು ಮೂರು ಜನ ಬೇಕು. ವೇಷದ ಒಳಗೆ ನಿಂತು ನಡೆಯುವವನು ಬಿಲ್ ಬರೆಟ್ಟಾ, ಕಣ್ಣು, ಹುಬ್ಬು, ತುಟಿಯನ್ನು ದೂರದಿಂದ ಯಂತ್ರ ಹಿಡಿದು ಆಡಿಸುವವನು ಇನ್ನೊಬ್ಬ, ದನಿ ಕೊಡುವವನು ಸ್ಟುವರ್ಟ್ ಪ್ಯಾಂಕಿನ್. ಮೂವರ ಉಸಿರೂ ಕೂಡಬೇಕು. ಸಾಹೇಬ ಕರೆದಾಗ ಅರ್ಲ್‌ನ ಹುಬ್ಬು ಮೊದಲು ಮೇಲೆ ಹೋಗುತ್ತದೆ, ಆಮೇಲೆ ಹೆಗಲು ಇಳಿಯುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಅದು ರಬ್ಬರಿನ ಮುಖ ಅನ್ನುವುದೇ ಮರೆತುಹೋಗುತ್ತದೆ. ಕೂಸನ್ನು ಆಡಿಸಿ ಮಾತಾಡಿಸಿದವನು ಮಾತ್ರ ಮುಖ್ಯವಾಗಿ ಒಬ್ಬನೇ, ಕೆವಿನ್ ಕ್ಲ್ಯಾಶ್. ಅದಕ್ಕೇ ಇರಬೇಕು, ಕೂಸಿನ ತುಂಟತನಕ್ಕೆ ಅಷ್ಟು ಚುರುಕು.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಬಾಣಲೆಯ ಹೊಡೆತ ಒಂದೇ ದಿನ ನಾಲ್ಕು ಕಂತು ನೋಡಿದರೆ ಬೇಸರ ತರಿಸುತ್ತದೆ, ವಾರಕ್ಕೊಂದು ನೋಡಲು ಮಾಡಿದ್ದು ಅಲ್ವಾ. ಶಾರ್ಲೀನ್‌ಗೆ ಸಿಗಬೇಕಾದಷ್ಟು ಕಥೆ ಸಿಕ್ಕಿಲ್ಲ. ಫ್ರಾನ್ ಎಷ್ಟು ಜಾಣೆ ಆದರೂ ಹೆಚ್ಚು ಹೊತ್ತು ಒಲೆಯ ಮುಂದೆಯೇ ಇರುತ್ತಾಳೆ. ಚಿತ್ರ ಹಳೇ ಟಿವಿಯ ಚೌಕದ್ದು, ಈಗಿನ ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಅದಕ್ಕಿಂತ ಮುಖ್ಯ, ಅಮೆರಿಕದ ಡಿವಿಡಿ ನಮ್ಮ ಪ್ಲೇಯರಿನಲ್ಲಿ ಓಡಲಿಲ್ಲ. ಲ್ಯಾಪ್‌ಟಾಪಿಗೆ ಡ್ರೈವ್ ಜೋಡಿಸಿ ರೀಜನ್, ಅಂದರೆ ಯಾವ ಭಾಗದ ಡಿವಿಡಿ ಓಡಬೇಕು ಅನ್ನುವ ಸೆಟ್ಟಿಂಗ್, ಬದಲಿಸಬೇಕಾಯಿತು. ಹಾಗೆ 5 ಸಲ ಮಾತ್ರ ಬದಲಿಸಬಹುದು, ಆಮೇಲೆ ಡ್ರೈವ್ ಅಲ್ಲಿಗೇ ಲಾಕ್ ಆಗುತ್ತದೆ, ನೆನಪಿಟ್ಟುಕೊಳ್ಳಿ.

ಕ್ಯಾಸೆಟ್ಟಿನಲ್ಲಿ ಇರದಿದ್ದ ಒಂದು ಕಂತು ಮೊದಲ ಸೀಸನ್ನಿನಲ್ಲೇ ಇದೆ. 72 ತುಂಬಿದ ಹಿರಿಯರನ್ನು ಡಾಂಬರಿನ ಗುಂಡಿಗೆ ಎಸೆಯುವುದು ಆ ಲೋಕದ ಪದ್ಧತಿ. ಅತ್ತೆಯನ್ನು ಎಸೆಯುವ ಭಾಗ್ಯ ಅಳಿಯನದು. ಎಲ್ಲರೂ ಹಬ್ಬದಂತೆ ತಯಾರಿ ಮಾಡುತ್ತಾರೆ, ‘ಇದು ತಪ್ಪು’ ಅನ್ನುವವನು ಹುಡುಗ ರಾಬಿ ಒಬ್ಬನೇ. ಅದನ್ನು ನೋಡುವಾಗ ಅಪ್ಪ ಪಕ್ಕದ ಮಂಚದ ಮೇಲೆ ಮಲಗಿದ್ದ. ಅಪ್ಪನಿಗೂ ಈಗ 72. ನಗುತ್ತಲೇ ಎದ್ದು ಹೋಗಿ ಅವನ ಹೊದಿಕೆ ಸರಿಮಾಡಿ ಬಂದೆ.

ಕಂತು ಮುಂದೆ ಹೋದಂತೆ ನನ್ನ ಕಣ್ಣು ಕೂಸನ್ನು ಬಿಟ್ಟು ಅರ್ಲ್ ಮೇಲೆ ನಿಂತಿತು. ಅವನು ಕೆಟ್ಟವನಲ್ಲ. ಮನೆ ಮೇಲೆ ಜೀವ. ಸಂಬಳ ನಿಂತರೆ ಅನ್ನುವ ಹೆದರಿಕೆ ಸದಾ ಇದೆ. ಸಾಹೇಬ ರಿಚ್‌ಫೀಲ್ಡ್ ಗುಡುಗಿದರೆ ‘ಆಯ್ತು’ ಅನ್ನುತ್ತಾನೆ. ಸಂಜೆ ಬಂದು ಟಿವಿ ಮುಂದೆ ಕೂತರೆ ಮುಗೀತು, ಮಾತಿಲ್ಲ. ಇವನನ್ನು ಎಲ್ಲೋ ನೋಡಿದ್ದೀನಲ್ಲ ಅನಿಸುತ್ತಿತ್ತು.

ಅಪ್ಪ ಗಂಜ್ ಕಡೆ ಒಂದು ಗೊಬ್ಬರ, ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದ. ನಮ್ಮ ಕಡೆ ಹೊಲಕ್ಕೆ ಔಷಧಿ ಹೊಡೆಯುವುದಕ್ಕೆ ‘ಎಣ್ಣಿ ಹೊಡಿಯೋದು’ ಅಂತಾರೆ. ಯಾವ ಎಣ್ಣಿ ಒಳ್ಳೇದು ಅಂತ ರೈತರು ಕೇಳುತ್ತಿದ್ದದ್ದು ಮಾಲೀಕನನ್ನಲ್ಲ, ಅಪ್ಪನನ್ನು. ಮಾಲೀಕ ಬೆಳಿಗ್ಗೆ ಏನು ಹೇಳಿರುತ್ತಿದ್ದನೋ ಅದನ್ನೇ ಅಪ್ಪ ಹೇಳುತ್ತಿದ್ದ. 1997-98ರ ಹಂಗಾಮಿನಲ್ಲಿ ತೊಗರಿಗೆ ಕಾಯಿಕೊರಕ ಬಿದ್ದಾಗ ಜನ ಸಾಲ ಮಾಡಿ ಎಣ್ಣಿ ಮೇಲೆ ಎಣ್ಣಿ ಹೊಡೆದರು. ಹುಳ ಸಾಯಲಿಲ್ಲ. ಬೀದರ್, ಕಲಬುರಗಿ ರೈತರ ಆತ್ಮಹತ್ಯೆಯ ಸುದ್ದಿ ಆ ವರ್ಷ ರಾಜ್ಯವೆಲ್ಲ ಕೇಳಿತು. ಅಪ್ಪ ಆ ಚಳಿಗಾಲ ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಮರುವರ್ಷ ಆ ಕೆಲಸ ಬಿಟ್ಟ, ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಹಳ್ಳಿಯಲ್ಲಿದ್ದ ಆಯಿ, ಅಂದರೆ ಅಜ್ಜಿ, ಮಾತ್ರ ತನ್ನ ಎರಡು ಎಕರೆಯಲ್ಲಿ ಹಳೇ ಕ್ರಮ ಬಿಡಲಿಲ್ಲ. ಸಾಲಿನ ನಡುವೆ ಹಳೇ ಸೀರೆ ಹಾಸಿ, ಒಂದೊಂದೇ ತೊಗರಿ ಗಿಡ ಹಿಡಿದು ಜಾಡಿಸಬೇಕು. ಹುಳ ಟಪಟಪ ಅಂತ ಬೀಳುತ್ತವೆ, ದಪ್ಪ ಮಳೆಹನಿ ಬಿದ್ದ ಹಾಗೆ ಸದ್ದು. ಹಸಿರು, ಕಂದು, ಕೆಲವು ಹಳದಿ. ಸೀರೆಯ ನಾಲ್ಕು ಮೂಲೆ ಕೂಡಿಸಿ ತಂದು ಕೋಳಿಗಳ ಮುಂದೆ ಸುರಿಯುವ ಕೆಲಸ ನನ್ನದು. ಕೈಯಲ್ಲಿ ಹಿಡಿದ ಗಂಟು ಒಳಗಿಂದ ಮಿಸುಕಾಡುವುದು ಈಗಲೂ ಅಂಗೈಗೆ ನೆನಪಿದೆ.

ಈಗ ಕೊನೆಯ ಕಂತು. ಕಥೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೆ ನಿಲ್ಲಿಸಿ.

1994ರ ಜುಲೈ 20ರಂದು ಬಂದದ್ದು ಇದು. ಪ್ರತಿವರ್ಷ ಬಂದು ಬಳ್ಳಿ ತಿಂದು ಹೋಗುವ ಒಂದು ಜಾತಿಯ ಜೀರುಂಡೆಗಳು ಆ ವರ್ಷ ಬರುವುದೇ ಇಲ್ಲ. ಅವು ಮೊಟ್ಟೆಯಿಡುವ ಜೌಗು ನೆಲದ ಮೇಲೆ ಕಂಪನಿ ಮೇಣದ ಹಣ್ಣಿನ ಕಾರ್ಖಾನೆ ಕಟ್ಟಿದೆ. ತಿನ್ನುವವರಿಲ್ಲದೆ ಬಳ್ಳಿ ಊರನ್ನೇ ಮುಚ್ಚುತ್ತದೆ. ಸರಿಮಾಡು ಅಂತ ಅರ್ಲ್‌ಗೆ ಹೇಳುತ್ತಾರೆ. ಅವನು ಹೆಮ್ಮೆಯಿಂದ ವಿಷ ಹೊಡೆಸುತ್ತಾನೆ, ಭೂಮಿಯ ಮೇಲಿನ ಗಿಡವೆಲ್ಲ ಸಾಯುತ್ತದೆ. ಮೋಡ ಬರಲಿ, ಮಳೆಯಾಗಲಿ ಅಂತ ಜ್ವಾಲಾಮುಖಿಗಳಿಗೆ ಬಾಂಬು ಹಾಕುತ್ತಾರೆ. ಮೋಡ ಬರುತ್ತದೆ, ಬಿಸಿಲು ಹೋಗುತ್ತದೆ, ಹಿಮ ಬೀಳತೊಡಗುತ್ತದೆ. ರಿಚ್‌ಫೀಲ್ಡ್‌ಗೆ ಖುಷಿಯೋ ಖುಷಿ, ಚಳಿ ಜಾಸ್ತಿಯಾದಷ್ಟೂ ವ್ಯಾಪಾರ. ಅರ್ಲ್ ಹೆಂಡತಿ ಮಕ್ಕಳ ಮುಂದೆ ನಿಂತು ತಪ್ಪಾಯ್ತು ಅನ್ನುತ್ತಾನೆ. ಮಕ್ಕಳನ್ನು ನಗಿಸಲು ಮಾಡಿದ ಧಾರಾವಾಹಿ ಹೀಗೆ ಮುಗಿಯುತ್ತದೆ, ಯಾರೂ ಬಂದು ಕಾಪಾಡುವುದಿಲ್ಲ. ಇಷ್ಟು ಧೈರ್ಯದ ಕೊನೆಯನ್ನು ನಾನು ಟಿವಿಯಲ್ಲಿ ಇನ್ನೊಂದು ನೋಡಿಲ್ಲ.

ಹೊರಗೆ 43 ಡಿಗ್ರಿ ಬಿಸಿಲು. ಕೂಲರ್ ಜೋರಾಗಿ ತಿರುಗುತ್ತಿತ್ತು. ಪರದೆಯ ಮೇಲೆ ಸಿಂಕ್ಲೇರ್ ಮನೆ ಹಿಮದಲ್ಲಿ ಮುಳುಗುತ್ತಿತ್ತು. ನಾನು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಬಂದವಳು ಅಲ್ಲಿ ಸುಮ್ಮನಾದೆ. ಮಗಳು ನನ್ನ ತೊಡೆ ಹತ್ತಿ ಕೂತು ಕೇಳಿದಳು, ‘ಮಮ್ಮಿ, ಕೂಸಿಗಿ ಚಳಿ ಆಗ್ತದಲ್ಲ?’ ಹೂಂ ಅಂದೆ. ಅವಳನ್ನು ಬಿಗಿಯಾಗಿ ಹಿಡಿದುಕೊಂಡೆ.

ಅಪ್ಪ ಮಂಚದ ಮೇಲೆ ಎದ್ದು ಕೂತಿದ್ದ. ಅವನು ನೋಡುತ್ತಿದ್ದಾನೆ ಅಂತಲೇ ನಾನು ಅಂದುಕೊಂಡಿರಲಿಲ್ಲ.

‘ಯಾವ ಎಣ್ಣಿ ಹೊಡದ್ರು ಅವರು?’

ಅದರ ಹೆಸರು ಹೇಳಿಲ್ಲ ಅಪ್ಪ, ಗಿಡ ಸಾಯೋ ವಿಷ ಅಷ್ಟೇ ಅಂದೆ.

‘ಡಬ್ಬಿ ಮ್ಯಾಲ ಬರದಿರ್ತದ. ಓದಿ ಹೇಳಬೇಕಿತ್ತು ಅಂವ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಎದ್ದು ಹೋಗಿ ಕೂಲರ್ ಬಂದ್ ಮಾಡಿ ಬಂದ, ಸರಿಯಾಗಿ ಕೇಳಲಿ ಅಂತ.

‘ಆ ಎಣ್ಣಿ ಹೊಡಿಯೋದು ಇನ್ನೊಮ್ಮಿ ಹಾಕು’ ಅಂದ.