ಟಿಡ್‌ಬಿನ್‌ಬಿಲ್ಲಾದ ದೊಡ್ಡ ಡಿಶ್: ಅರ್ಧ ದಿನ ಇಟ್ಟುಕೊಂಡು ಹೋಗಿ (5/5)

ಮಗನ ಮನೆಗೆಂದು ಕ್ಯಾನ್ಬೆರಾಕ್ಕೆ ಬಂದಿದ್ದೇನೆ. ಹೋದ ಭಾನುವಾರ ಅವನು ಟಿಡ್‌ಬಿನ್‌ಬಿಲ್ಲಾದ ಡೀಪ್ ಸ್ಪೇಸ್ ಕೇಂದ್ರಕ್ಕೆ ಕರೆದುಕೊಂಡು ಹೋದ. ದೂರದ ಬಾಹ್ಯಾಕಾಶ ನೌಕೆಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಜಾಗ ಅದು. ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ, ಟಿಕೆಟ್ ಇಲ್ಲ. ಮೊಬೈಲ್ ಆಫ್ ಮಾಡಿ ಅನ್ನುತ್ತಾರೆ, ದಯವಿಟ್ಟು ಮಾಡಿ.

ಒಳಗೆ ಚಂದ್ರನ ಕಲ್ಲಿದೆ. ಮೊಮ್ಮಗನಿಗೆ ಅದೇ ಇಷ್ಟವಾಯಿತು. ನಾನು ಮಾತ್ರ ಹೊರಗೆ 70 ಮೀಟರ್ ಅಗಲದ ಡಿಶ್ ಆಂಟೆನಾ ನೋಡುತ್ತಾ ಕೂತೆ. 2017ರ ಸೆಪ್ಟೆಂಬರ್ 15ರಂದು ಶನಿಗ್ರಹದೊಳಗೆ ಬಿದ್ದ ಕ್ಯಾಸಿನಿ ನೌಕೆಯ ಕೊನೆಯ ಸಿಗ್ನಲ್ ಬಂದಿದ್ದು ಇಲ್ಲಿಗೇ.

ಮಡಿಕೇರಿ ಕಡೆ ಗುಡ್ಡದ ಮೇಲೆ ಮೈಕ್ರೋವೇವ್ ಲಿಂಕ್ (ಟವರಿನಿಂದ ಟವರಿಗೆ ರೇಡಿಯೋ ಸಂಪರ್ಕ) ನೋಡಿಕೊಂಡು ರಿಟೈರ್ ಆದವಳು ನಾನು. ಮಳೆಗಾಲದಲ್ಲಿ ನಲವತ್ತು ಕಿಲೋಮೀಟರ್ ಲಿಂಕ್ ಉಳಿಸಿಕೊಳ್ಳುವುದೇ ಸಾಹಸ. ಕ್ಯಾಸಿನಿಯವರು ಮಾಡಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 2001ರ ನವೆಂಬರಿನಿಂದ 40 ದಿನ ಅವರು ಭೂಮಿಗೂ ನೌಕೆಗೂ ನಡುವಿನ ರೇಡಿಯೋ ಲಿಂಕಿನಲ್ಲೇ ಗುರುತ್ವದ ಅಲೆ, ಅಂದರೆ ದೇಶ-ಕಾಲವನ್ನೇ ಚೂರು ಹಿಗ್ಗಿಸಿ ಕುಗ್ಗಿಸುತ್ತಾ ಹಾಯುವ ಅಲೆ, ಹುಡುಕಿದರು. ಆಗ ಬಳಸಿದ್ದು ಈ ಡಿಶ್ ಅಲ್ಲ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನಿನಲ್ಲಿರುವ ಇದರ ತಂಗಿ, 34 ಮೀಟರಿನದು.

ಭೂಮಿಯಿಂದ ಸಿಗ್ನಲ್ ಕಳಿಸಬೇಕು, ನೌಕೆ ಅದನ್ನೇ ಹಿಂದಕ್ಕೆ ಕಳಿಸುತ್ತದೆ. ಹೋಗಿ ಬರಲು ಒಂದೂವರೆ ಗಂಟೆ. ನಡುವೆ ಗುರುತ್ವದ ಅಲೆ ಹಾದರೆ ಫ್ರೀಕ್ವೆನ್ಸಿ ಚೂರು ಅಲುಗುತ್ತದೆ. ಅದೂ ಒಂದು ಸಲವಲ್ಲ, ಮೂರು ಸಲ, ಲೆಕ್ಕ ಹಾಕಿದಷ್ಟೇ ಅಂತರದಲ್ಲಿ. ಬೇರೆ ಗದ್ದಲದಿಂದ ಬೇರ್ಪಡಿಸುವುದು ಆ ಗುರುತಿನಿಂದಲೇ. ಎಷ್ಟು ಸೂಕ್ಷ್ಮ ಗೊತ್ತಾ? ಸೆಕೆಂಡಿಗೆ 3200 ಕೋಟಿ ಸಲ ಕಂಪಿಸುವ ಸಿಗ್ನಲ್. ಸಾವಿರ ಸೆಕೆಂಡಿನ ಸರಾಸರಿ ತೆಗೆದರೆ, ಒಂದು ಕಂಪನದ ಹತ್ತು ಸಾವಿರದಲ್ಲಿ ಒಂದು ಭಾಗ ಏರುಪೇರಾದರೂ ಕಾಣುತ್ತಿತ್ತು!

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಗಾಳಿಯಲ್ಲಿನ ನೀರಾವಿಯೂ ಸಿಗ್ನಲನ್ನು ತಡಮಾಡುತ್ತದೆ. ಅದನ್ನು ಅಳೆದು ಲೆಕ್ಕದಿಂದ ಕಳೆಯಲು ಡಿಶ್ ಪಕ್ಕದಲ್ಲೇ ಬೇರೆ ಉಪಕರಣ ಇಟ್ಟಿದ್ದರು. ಮಂಜಿನ ಜೊತೆ ಗುದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಅಲೆ ಸಿಗಲಿಲ್ಲ. 2015ರಲ್ಲಿ ಲೈಗೋಗೆ (ಗುರುತ್ವದ ಅಲೆ ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಉಪಕರಣ) ಸಿಕ್ಕಿದ್ದು ಸೆಕೆಂಡಿಗೆ ಹತ್ತಾರು, ನೂರಾರು ಸಲ ಅಲುಗುವ ಅಲೆ. ಇವರು ಹುಡುಕಿದ್ದು ಒಂದು ಸಲ ಅಲುಗಲು ನಿಮಿಷಗಟ್ಟಲೆ, ಗಂಟೆಗಟ್ಟಲೆ ಹಿಡಿಯುವ ನಿಧಾನದ ಅಲೆ. ಇಷ್ಟಕ್ಕಿಂತ ದೊಡ್ಡದು ಆಗ ಹಾಯಲಿಲ್ಲ ಅಂತ ಗಟ್ಟಿಯಾಗಿ ಹೇಳುವುದೂ ಕೆಲಸವೇ ಅಲ್ವಾ?

ಬಸ್ ಸಿಗುವುದಿಲ್ಲ, ಕಾರಿನಲ್ಲೇ ಹೋಗಿ. ಊಟ ಕಟ್ಟಿಕೊಂಡು ಹೋಗಿ, ಕೂತು ತಿನ್ನಲು ಜಾಗ ಇದೆ. ನಾವು ಚಿತ್ರಾನ್ನ ತಿನ್ನುವಾಗ ಡಿಶ್ ನಿಧಾನಕ್ಕೆ ತಿರುಗಿತು, ಸದ್ದೇ ಇಲ್ಲದೆ. ಮೊಮ್ಮಗ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದ.